ಒಲೆಯ ಹಿಂದಿನವನು

“ಕೊಡಿ ಅತ್ತೆ... ಅದನ್ನ ಇತ್ತ ಕೊಡಿ ಅಂದೆ!”

ಕಿರಿಸೊಸೆಯ ಕೈ ಮೊಣಕೈವರೆಗೂ ಹಿಟ್ಟಾಗಿತ್ತು. ಆ ಕೈಯಲ್ಲೇ ಅತ್ತೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಅತ್ತೆಯ ಮುಷ್ಟಿಯೊಳಗೆ ಹೊಸ ಸಿಗರೇಟು ಪ್ಯಾಕು. ಎದೆನೋವೆಂದು ಆಸ್ಪತ್ರೆ ಸೇರಿ, ಸಾವಿನ ಬಾಗಿಲು ತಟ್ಟಿ ವಾಪಸು ಬಂದು ಇನ್ನೂ ವಾರ ತುಂಬದ ಮಗನಿಗೆಂದು ಹೆತ್ತ ತಾಯಿ ಕೈಯಾರೆ ಕೊಂಡು ತಂದ ಪ್ಯಾಕು! ಬೇಕರಿಯ ಹಿಂದಿನ ಕೋಣೆಯಲ್ಲಿ, ಯೀಸ್ಟಿನ ಡಬ್ಬಿಯ ಹಿಂದೆ ಅದನ್ನು ಬಚ್ಚಿಡುವಾಗ ಸಿಕ್ಕಿಬಿದ್ದಿದ್ದರು.

“ಕೈ ಬಿಡೇ! ಹಿರಿಯರ ಮೈಮೇಲೆ ಕೈ ಮಾಡ್ತೀಯಾ?”

“ಹಿರಿಯರು ಹಿರಿಯರ ಹಾಗೆ ಇದ್ದಿದ್ರೆ ನಾನ್ಯಾಕೆ ಮಾಡ್ತಿದ್ದೆ!”

ಎಳೆದಾಟದಲ್ಲಿ ಉಬ್ಬಲಿಟ್ಟಿದ್ದ ಬನ್ನಿನ ತಟ್ಟೆಯೊಂದು ಮೇಜಿನಿಂದ ಜಾರಿ ದಡಾರೆಂದು ಬಿತ್ತು. ಅತ್ತೆ ಅತ್ತ ತಿರುಗಿದ್ದೇ ತಡ, ಅವಳು ಪ್ಯಾಕನ್ನು ಕಿತ್ತುಕೊಂಡು ಒಲೆಯ ಬೆಂಕಿಗೂಡಿಗೆ ಎಸೆದುಬಿಟ್ಟಳು. ಕೆಂಡದ ಮೇಲೆ ಒಂದು ಗಳಿಗೆ ಸುಮ್ಮನಿದ್ದ ಪ್ಯಾಕು ಭಗ್ಗನೆ ಹೊತ್ತಿಕೊಂಡಿತು.

“ಅಯ್ಯೋ... ಕೊಂದ್ಲಲ್ಲಪ್ಪಾ! ನನ್ನ ಮಗನ್ನ ಕೊಂದ್ಲಲ್ಲಾ ಈ ಮಹಾತಾಯಿ!”

ಕೇಳಿದಿರಾ? ಸಿಗರೇಟು ಸುಟ್ಟರೆ ಮಗ ಸತ್ತಂತೆ! ಲೋಕದ ತಾಯಂದಿರೆಲ್ಲ ಮಗನ ಬಾಯಿಂದ ಸಿಗರೇಟು ಕಿತ್ತೆಸೆದರೆ, ಈ ತಾಯಿ ತಾನೇ ನಿಂತು ಸೇದಿಸುತ್ತಿದ್ದರು. ಅದೂ ಇವತ್ತು ನಿನ್ನೆಯಿಂದಲ್ಲ, ಕಿರಿಸೊಸೆ ಮನೆ ತುಂಬಿದ ವರ್ಷದಿಂದ.

ಗಲ್ಲಾಪೆಟ್ಟಿಗೆಯ ಮುಂದಿದ್ದ ಭಾವ ಪರದೆ ಸರಿಸಿ ತಲೆ ಹಾಕಿದ. ಮುಂದಿನ ಅಂಗಡಿಗೂ ಹಿಂದಿನ ಒಲೆಗೂ ನಡುವೆ ಇದ್ದದ್ದು ಆ ಒಂದು ದಪ್ಪ ನೀಲಿ ಪರದೆ.

“ಶ್! ಮುಂದೆ ಗಿರಾಕಿಗಳಿದ್ದಾರೆ.”

ಭಾವನ ಬಾಯಲ್ಲಿ ಬಿಡದೆ ಬರುತ್ತಿದ್ದ ಮಾತೆಂದರೆ ಅದೊಂದೇ. ಜಗಳವಾದರೂ ಶ್, ಅಳು ಬಂದರೂ ಶ್. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಕೆಟ್ಟವನಲ್ಲ, ಆದರೆ ಒಳ್ಳೆಯತನಕ್ಕೆ ಒಂದಿಷ್ಟು ಧೈರ್ಯವೂ ಬೇಕಲ್ಲ, ಅದು ಅವನಲ್ಲಿರಲಿಲ್ಲ.

“ಶ್ ಅಂತ ನಂಗಲ್ಲ, ಅವಳಿಗೆ ಹೇಳು,” ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. “ಏನೇ, ಮರೆತೋಯ್ತಾ? ಮದುವೆಯಾಗಿ ಬಂದ ಹೊಸದ್ರಲ್ಲಿ ಹೀಗೇ ಬಿಡಿಸ್ದೆಯಲ್ಲ ಸಿಗರೇಟು! ಏನಾಯ್ತು ಆಮೇಲೆ? ಹಾಸಿಗೆಯಿಂದ ಎಬ್ಬಿಸಿದ್ರೆ ಬಟ್ಟೆ ಜೊತೆ ಚರ್ಮಾನೂ ಬರ್ತಿತ್ತಲ್ಲೇ ನನ್ನ ಕಂದನಿಗೆ... ನೀನೇ ಅಲ್ವಾ ಮಾಡಿದ್ದು?”

ಅಷ್ಟೇ. ಅಲ್ಲಿಯವರೆಗೆ ಬೆಂಕಿಯಂತಿದ್ದವಳು ಬಾಗಿ, ನೆಲಕ್ಕೆ ಬಿದ್ದ ಬನ್ನುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಆ ಮನೆಯ ಕಿರಿಮಗನನ್ನು ಬೀದಿಯವರು ಒಲೆಯಪ್ಪ ಎನ್ನುತ್ತಿದ್ದರು. ಅವನನ್ನು ಕಂಡವರು ಕಮ್ಮಿ, ಅವನು ಸುಟ್ಟ ಬ್ರೆಡ್ಡು ತಿನ್ನದವರು ಇನ್ನೂ ಕಮ್ಮಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನ ಮೊಣಕೈ ಮೇಲೆ ಕೆಂಪು ಕಲೆಯೆದ್ದು, ಅದರ ಮೇಲೆ ಬೆಳ್ಳನೆಯ ಹೊಟ್ಟು ಕಟ್ಟಿತು. ಆಮೇಲೆ ಮಂಡಿ, ಬೆನ್ನು, ತಲೆ. ಸೋರಿಯಾಸಿಸ್ ಅಂದರು ಡಾಕ್ಟರು. ಅಂಟುವ ಕಾಯಿಲೆಯಲ್ಲ, ಮುಟ್ಟಿದರೆ ಏನೂ ಆಗಲ್ಲ ಅಂತಲೂ ಅಂದರು. ಮನೆಯವರು ಮೊದಲನೇ ಮಾತನ್ನು ಕಿವಿಗೆ ಹಾಕಿಕೊಂಡರು, ಎರಡನೆಯದನ್ನು ಹಾಕಿಕೊಳ್ಳಲಿಲ್ಲ! “ಬ್ರೆಡ್ಡು ಮಾರೋ ಕೈ ಹೀಗಿದ್ರೆ ಯಾರು ತಿಂತಾರೆ?” ಎಂದು ಆಗ ಬದುಕಿದ್ದ ಮಾವ ಅವನನ್ನು ಪರದೆಯ ಹಿಂದಕ್ಕೆ ತಳ್ಳಿದರು. ಅವನಿಗೇ ಒಂದು ಲೋಟ, ಅವನಿಗೇ ಒಂದು ತಟ್ಟೆ. ಬಚ್ಚಲ ಬಾಗಿಲಲ್ಲಿ ಎಲ್ಲರ ಟವೆಲ್ಲುಗಳೂ ಒಂದು ಗೂಟದಲ್ಲಿದ್ದರೆ, ಅವನ ಪಟ್ಟೆ ಟವೆಲ್ಲಿಗೆ ಮೂಲೆಯಲ್ಲಿ ಬೇರೆಯದೇ ಮೊಳೆ. ಅಂದಿನಿಂದ ತಾಯಿ ಅವನ ತಲೆ ಸವರಿದ್ದಿಲ್ಲ. ಬಡಿಸುವಾಗ ಕೂಡ ಸೌಟನ್ನು ಒಂದು ಗೇಣು ಎತ್ತರದಲ್ಲೇ ಹಿಡಿಯುತ್ತಿದ್ದರು. ಅವನು ಅದೇ ಕೈಯಿಂದ ನಾದಿ ಸುಟ್ಟ ಬ್ರೆಡ್ಡನ್ನು ಮಾತ್ರ ಇಡೀ ಊರು ಚಪ್ಪರಿಸಿ ತಿನ್ನುತ್ತಿತ್ತು. ಇದಕ್ಕೆ ಏನನ್ನಬೇಕು, ನೀವೇ ಹೇಳಿ.

ಮದುವೆಗೆ ಸ್ವಲ್ಪ ಮುಂಚೆ ಅವನ ಮೈ ಇದ್ದಕ್ಕಿದ್ದಂತೆ ತಿಳಿಯಾಯಿತು. ಕಲೆಯೆಲ್ಲ ಮಾಸಿ, ಎಳೆಗೂಸಿನ ಚರ್ಮ! ಅವನು ಮೋಸಗಾರನಲ್ಲ. ಮದುವೆಯ ಮಾತುಕತೆ ನಡೆಯುವಾಗಲೇ ಅವಳನ್ನು ಪಕ್ಕಕ್ಕೆ ಕರೆದು, “ನಂಗೊಂದು ಚರ್ಮದ ಕಾಯಿಲೆ ಇತ್ತು. ತಾನಾಗೇ ಹೋಯ್ತು. ಮತ್ತೆ ಬಂದ್ರೂ ಬರಬಹುದು. ಯೋಚನೆ ಮಾಡಿ ಹೇಳು,” ಅಂದಿದ್ದ. ಆ ಒಂದು ಮಾತಿಗೇ ಅವಳು ಸೋತಿದ್ದಳು. ಮದುವೆಯಾದ ಮೇಲೆ ಒಂದೇ ಒಂದನ್ನು ಕೇಳಿದಳು, “ಕಾಯಿಲೆ ತಾನಾಗೇ ಹೋಯ್ತು ಅಂದ್ರಿ, ಆ ಸಿಗರೇಟನ್ನ ನೀವಾಗೇ ಬಿಡಿ ನೋಡೋಣ!” ಅವನು ನಕ್ಕು ಬಿಟ್ಟೇಬಿಟ್ಟ. ಒಂದು ತಿಂಗಳೂ ಕಳೆದಿರಲಿಲ್ಲ... ಜ್ವರ ಬಂತು, ಮೈಯೆಲ್ಲ ಕೆಂಪಾಗಿ ಉರಿಯಿತು, ಸಾಸಿವೆಕಾಳಿನಂಥ ಕೀವುಗುಳ್ಳೆಗಳು ಎದ್ದವು. ಆಸ್ಪತ್ರೆಯಲ್ಲಿ ಬದುಕುಳಿದದ್ದೇ ಹೆಚ್ಚು. ಅತ್ತೆ ವಾರ್ಡಿನ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಹೇಳಿದರು, “ಹೊಗೆ ಆ ಕಾಯಿಲೇನ ಒಳಗೇ ಅದುಮಿಟ್ಟಿತ್ತು. ಇವಳು ಬಂದು ಬಿಡಿಸಿದ್ಲು, ಆಚೆ ಬಂತು.” ಮನೆಗೆ ಬಂದ ಮಗನ ದಿಂಬಿನ ಪಕ್ಕ ತಾವೇ ಒಂದು ಪ್ಯಾಕು ತಂದಿಟ್ಟರು. ಆಸ್ಪತ್ರೆಯ ಔಷಧಿಯಿಂದ ಮೈಯ ಉರಿ ನಿಧಾನವಾಗಿ ಇಳಿಯಿತು. ಹೆಸರು ಮಾತ್ರ ಸಿಗರೇಟಿಗೆ ಹೋಯಿತು.

ಕಿರಿಸೊಸೆ ಅದನ್ನು ನಂಬಿದಳೇ? ನಂಬದೆ ಏನು ಮಾಡುತ್ತಾಳೆ, ಕಣ್ಣಾರೆ ಕಂಡಿದ್ದಳಲ್ಲ! ಗಂಡನನ್ನು ತನ್ನ ಹಟವೇ ಸುಟ್ಟಿತೆಂದು ವರ್ಷಗಟ್ಟಲೆ ಒಳಗೊಳಗೇ ಬೆಂದಳು. ಅವನು ಹಿತ್ತಲ ಗೋಡೆಯ ಆಚೆಗೆ ಸೇದಲು ಹೊರಟರೆ ಮುಖ ತಿರುಗಿಸಿ ಹಿಟ್ಟು ನಾದುತ್ತಿದ್ದಳು. ನೋಡನೋಡುತ್ತ ಅವನ ಹೊಟ್ಟೆ ಮುಂದೆ ಬಂತು. ತಟ್ಟೆಯಲ್ಲಿ ಮುರಿದ ಬನ್ನು, ಮಾರಾಟವಾಗದ ಕೇಕು, ಸಕ್ಕರೆ ಮೆತ್ತಿದ ತುಂಡುಗಳೆಲ್ಲ ಅವನ ಪಾಲಿಗೇ. ಗಂಟುನೋವೆಂದು ನಡಿಗೆ ಬಿಟ್ಟ, ಜನ ನೋಡುತ್ತಾರೆಂದು ಬೀದಿ ಬಿಟ್ಟ. “ಸುಖದ ಹೊಟ್ಟೆ!” ಎಂದು ಅತ್ತೆ ಹಿಗ್ಗುತ್ತಿದ್ದರು. ಆ ಸುಖ ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಅವನ ಎದೆ ಹಿಡಿದು ನೆಲಕ್ಕೆ ಕೆಡವಿತು.

ಹೃದಯದ ಡಾಕ್ಟರು ಜೀವ ಉಳಿಸಿದರು. ಚರ್ಮದ ಡಾಕ್ಟರಮ್ಮನನ್ನೂ ಒಮ್ಮೆ ನೋಡಿ ಎಂದು ಅವರೇ ಚೀಟಿ ಕೊಟ್ಟಿದ್ದರು. ಪ್ಯಾಕು ಸುಟ್ಟ ಮರುದಿನ ಗಂಡ ಹೆಂಡತಿ ಇಬ್ಬರೂ ಹೋದರು. ನರೆಗೂದಲಿನ ಡಾಕ್ಟರಮ್ಮ ಬೆನ್ನು, ತಲೆ, ಉಗುರು ಎಲ್ಲ ನೋಡಿ, ಆಮೇಲೆ ಮೇಜಿನ ಡ್ರಾಯರಿನಿಂದ ಅಳತೆ ಟೇಪು ತೆಗೆದು ಅವನ ಸೊಂಟಕ್ಕೆ ಸುತ್ತಿದರು.

“ಇದೇನ್ ಡಾಕ್ಟ್ರೇ, ಚರ್ಮ ತೋರ್ಸೋಕೆ ಬಂದ್ರೆ ಸೊಂಟ ಅಳೀತಿದ್ದೀರಿ! ಪ್ಯಾಂಟು ಹೊಲಿಸೋಕೆ ಬಂದಿಲ್ಲ ನಾನು.”

“ಬಂದಿದ್ರೂ ವಾಪಸ್ ಕಳಿಸ್ತಿದ್ದೆ. ಅಷ್ಟು ಬಟ್ಟೆ ಎಲ್ಲಿಂದ ತರ್ಲಿ?” ಎಂದರು ಡಾಕ್ಟರಮ್ಮ, ನಗದೆ. ಟೇಪು ಸುತ್ತಿಟ್ಟು ರಕ್ತಪರೀಕ್ಷೆಯ ವರದಿ ತಿರುವಿದರು. “ನೋಡಿ, ಇದು ಬರೀ ಚರ್ಮದ ಕಾಯಿಲೆ ಅಂದ್ಕೊಂಡಿದ್ದೀರಿ. ಮೇಲೆ ಕಾಣೋ ಈ ಉರಿ ಒಳಗೂ ಇರುತ್ತೆ, ರಕ್ತನಾಳದಲ್ಲೂ ಇರುತ್ತೆ. ಈ ಕಾಯಿಲೆ ಇರೋರಿಗೆ ಹೊಟ್ಟೆ ಬೊಜ್ಜು, ಸಕ್ಕರೆ, ಬಿಪಿ, ಕೆಟ್ಟ ಕೊಬ್ಬು ಎಲ್ಲ ಒಂದರ ಬಾಲ ಹಿಡ್ಕೊಂಡು ಇನ್ನೊಂದು ಬರೋದು ಜಾಸ್ತಿ. ನಿಮ್ಮಲ್ಲಿ ನಾಲ್ಕೂ ಬಂದು ಕೂತಿವೆ. ಅದರ ಮೇಲೆ ಸಿಗರೇಟು! ಒಲೆ ಕೆಲಸದವರು ನೀವು. ಉರಿಯೋ ಬೆಂಕಿಗೆ ಗಾಳಿ ಊದಿದ್ರೆ ಏನಾಗುತ್ತೆ ಅಂತ ನಾನು ಹೇಳಿಕೊಡ್ಬೇಕಾ? ಸೇದ್ತಾ ಇದ್ರೆ ನಾನು ಕೊಡೋ ಔಷಧೀನೂ ಸರಿಯಾಗಿ ನಾಟಲ್ಲ.”

ಕಿರಿಸೊಸೆಗೆ ತಡೆಯಲಾಗಲಿಲ್ಲ.

“ಬಿಡಿಸೋಕೆ ಹೆದರಿಕೆ ಡಾಕ್ಟ್ರೇ... ಒಂದ್ಸಲ ನಾನೇ ಬಿಡಿಸಿದ್ದೆ. ಆಗಲೇ ಇವರ ಮೈಯೆಲ್ಲ ಸಿಡಿದು ಹೋಯ್ತು. ನಾನೇ... ನಾನೇ ಮಾಡಿದ್ದು.” ಅಳುತ್ತಲೇ ಎಲ್ಲವನ್ನೂ ಹೇಳಿದಳು. ಮದುವೆಗೆ ಮುಂಚೆ ತಿಳಿಯಾದ ಮೈ, ಜ್ವರ, ಕೀವುಗುಳ್ಳೆ, ಬಟ್ಟೆಗೆ ಅಂಟಿ ಬಂದ ಚರ್ಮ, ಒಂದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಸಿಗರೇಟು ಬಿಟ್ಟದ್ದಕ್ಕೆ ಯಾರಿಗೂ ಹೀಗೆ ಮೈ ಸಿಡಿದದ್ದನ್ನ ನಾನು ಕಂಡಿಲ್ಲಮ್ಮ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿರಬೇಕು. ಸ್ಟಿರಾಯ್ಡ್ ತಗೊಳ್ತಿದ್ದು ಥಟ್ಟನೆ ನಿಲ್ಲಿಸಿದವರಲ್ಲಿ ಇಂಥದ್ದನ್ನ ಕಂಡಿದ್ದೀನಿ. ಮದುವೆಗೆ ಮುಂಚೆ ಮೈ ಪೂರ್ತಿ ತಿಳಿಯಾಯ್ತು ಅಂದ್ರಲ್ಲ, ಆಗ ಏನು ತಗೊಳ್ತಿದ್ರಿ?”

“ಏನೂ ಇಲ್ಲ,” ಎಂದ ಅವನು.

“ಯೋಚನೆ ಮಾಡಿ. ಮಾತ್ರೆ, ಪುಡಿ, ಯಾರಾದ್ರೂ ಕೊಟ್ಟದ್ದು? ಅಂಥದ್ರಲ್ಲಿ ಸ್ಟಿರಾಯ್ಡ್ ಬೆರೆಸಿರ್ತಾರೆ.”

“ನಾನಾಗಿ ಏನೂ...” ಅವನ ಮಾತು ಅಲ್ಲೇ ನಿಂತಿತು. ಹೆಂಡತಿಯ ಮುಖ ನೋಡಿದ. “ಹಾಲು. ಆಗ ಅಮ್ಮ ದಿನಾ ಹಾಲು ಕೊಡ್ತಿದ್ಲು. ಕಹಿ ಇರ್ತಿತ್ತು. ಬಾದಾಮಿ ಕಹಿ ಕಣೋ, ಕುಡಿ ಅಂತಿದ್ಲು.”

ಮುಂದಿನ ಬಸ್ಸಿಗೇ ಇಬ್ಬರೂ ವಾಪಸು ಬಂದರು.

ಹಿಂದಿನ ಕೋಣೆಯಲ್ಲಿ ಅತ್ತೆ ಹಿಂದಿನ ದಿನದ ಬ್ರೆಡ್ಡನ್ನು ರಸ್ಕಿಗೆಂದು ಕತ್ತರಿಸುತ್ತಿದ್ದರು. ಗಂಡ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ. ಅವಳು ಕೂರಲಿಲ್ಲ.

“ಅತ್ತೆ, ಮದುವೆಗೆ ಮುಂಚೆ ಇವರ ಹಾಲಲ್ಲಿ ಏನು ಬೆರೆಸ್ತಿದ್ರಿ?”

ಚಾಕು ಅರ್ಧ ಬ್ರೆಡ್ಡಿನಲ್ಲೇ ನಿಂತಿತು.

“ಏನು... ಬಾದಾಮಿ ಅಲ್ವಾ...”

“ಬಾದಾಮಿ ಅನ್ನಬೇಡಿ! ಇನ್ನೊಂದ್ಸಲ ಬಾದಾಮಿ ಅಂದ್ರೆ ನಾನು ಮನುಷ್ಯಳಾಗಿರಲ್ಲ!”

ಅತ್ತೆ ಮಗನ ಕಡೆ ನೋಡಿದರು. ಅವನು ತಲೆ ಎತ್ತಲಿಲ್ಲ. ಚಾಕು ಬಿಸಾಕಿ ಎದ್ದು ನಿಂತರು.

“ಹೌದು ಕಣೇ, ಹಾಕ್ದೆ! ಪುಡಿ ಹಾಕ್ದೆ! ಹಾಕದೆ ಇನ್ನೇನ್ ಮಾಡ್ಬೇಕಿತ್ತು? ಆ ಮೈ ನೋಡಿ ಯಾರು ಹೆಣ್ಣು ಕೊಡ್ತಿದ್ರು ಇವನಿಗೆ? ಮಾರ್ಕೆಟ್ಟಲ್ಲಿ ಒಬ್ಬ ಪುಡಿ ಕೊಡ್ತಿದ್ದ. ವಾರದಲ್ಲಿ ಮೈ ಹಾಲಿನ ಹಾಗಾಯ್ತು! ದೇವರೇ ಬಂದ ಅಂದ್ಕೊಂಡೆ. ಮದುವೆ ಆಯ್ತು, ಅವನು ಗಂಟುಮೂಟೆ ಕಟ್ಕೊಂಡು ಎಲ್ಲೋ ಹೋಗ್ಬಿಟ್ಟ. ಪುಡಿ ನಿಂತ್ರೆ ಹೀಗಾಗುತ್ತೆ ಅಂತ ನಂಗೇನ್ ಕನಸು ಬಿದ್ದಿತ್ತಾ?”

“ಗೊತ್ತಿರ್ಲಿಲ್ಲ, ಸರಿ. ಆಮೇಲೆ? ಇಷ್ಟು ವರ್ಷದಲ್ಲಿ ಒಂದು ದಿನಾನೂ ಅನುಮಾನ ಬರ್ಲಿಲ್ವಾ ನಿಮಗೆ?”

ಅತ್ತೆಯ ಮುಖದ ಬಿಗಿಯೆಲ್ಲ ಒಮ್ಮೆಲೇ ಸಡಿಲವಾಯಿತು.

“ಬಂತು,” ಎಂದರು ಸಣ್ಣ ದನಿಯಲ್ಲಿ. “ಬಂತು ಕಣೇ... ಆಸ್ಪತ್ರೆಯಲ್ಲೇ ಬಂತು. ಆದ್ರೆ ಅದು ನಿಜ ಅಂದ್ರೆ, ನಾನೇ ನನ್ನ ಮಗನಿಗೆ ವಿಷ ಹಾಕಿದ ಹಾಗಾಗ್ತಿತ್ತಲ್ಲ! ತಾಯಾಗಿ ಹೇಗೆ ಒಪ್ಕೊಳ್ಳಲಿ? ನೀನು ಸಿಗರೇಟು ಬಿಡಿಸಿದ್ದೆ. ಅದೇ ಕಾರಣ ಅಂದೆ. ಅಂದೂ ಅಂದೂ ನಾನೇ ನಂಬಿದೆ. ನಂಬಿದ ಮೇಲೆ ತಂದುಕೊಡದೆ ಇರೋಕಾಗುತ್ತಾ? ದಿನಾ ಅಂಗಡಿಗೆ ಹೋಗೋವಾಗ ಔಷಧಿ ತರೋಕೆ ಹೋದ ಹಾಗೇ ಹೋಗ್ತಿದ್ದೆ...”

“ಭೇಷ್!” ಅವಳ ದನಿ ಚಾವಣಿಗೆ ಬಡಿಯಿತು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ನಿಮ್ಮ ತಪ್ಪು ಮುಚ್ಕೊಳ್ಳೋಕೆ ನನ್ನ ತಲೆ ಸಿಕ್ತು. ಹೋಗ್ಲಿ, ನನ್ನ ತಲೆ ಗಟ್ಟಿ ಇದೆ, ತಡ್ಕೊಂಡೆ. ಆದ್ರೆ ಅದನ್ನ ನಿಜ ಮಾಡೋಕೆ ಇವರ ಎದೇನೂ ಸುಟ್ರಲ್ಲ ಅತ್ತೆ! ಕಲೆ ಕಾಣಬಾರದು ಅಂತ ವಿಷ ಕೊಟ್ರಿ. ಕಲೆ ಕಾಣಬಾರದು ಅಂತ ಹೊಗೆ ಕೊಟ್ರಿ. ಕಲೆ ಕಾಣಬಾರದು ಅಂತ ಈ ಒಲೆ ಹಿಂದೆ ತಳ್ಳಿದ್ರಿ. ಏನ್ ಮಾಡಿತ್ತು ನಿಮಗೆ ಆ ಕಲೆ? ಮೈಮೇಲೆ ನಾಲ್ಕು ಕಲೆ ಇದ್ರೇನು, ಮಗ ಬದುಕಿರ್ಲಿ ಅಂತ ಒಬ್ಬರಿಗೂ, ಈ ಮನೇಲಿ ಒಬ್ಬರಿಗೂ ಅನ್ನಿಸ್ಲಿಲ್ವಲ್ಲ!”

ಪರದೆ ಸರಿಯಿತು. “ಶ್... ಗಿರಾಕಿ...”

“ಇರ್ಲಿ ಬಿಡಣ್ಣ ಗಿರಾಕಿ!”

ಒಲೆಯಪ್ಪ ಎದ್ದಿದ್ದ. ಅಣ್ಣನಿಗೆ ಎದುರಾಡಿ ಅವನಿಗೆ ಗೊತ್ತೇ ಇರಲಿಲ್ಲ.

“ನಾನ್ಯಾಕೆ ಸೇದ್ತಿದ್ದೆ ಅಂತ ಯಾರಾದ್ರೂ ಕೇಳಿದ್ದೀರಾ? ಅಮ್ಮ ತಂದುಕೊಡ್ತಾಳೆ ಅಂತ ಸೇದ್ಲಿಲ್ಲ. ಗೋಡೆ ಆಚೆ ಹಿಟ್ಟಿನ ಲಾರಿ ಡ್ರೈವರುಗಳು ನಿಂತಿರ್ತಾರಲ್ಲ, ಅವರು ನನ್ನ ಬೆರಳಿಂದ ಸಿಗರೇಟು ಇಸ್ಕೊಂಡು ಬಾಯಿಗಿಡ್ತಿದ್ರು. ಒರೆಸ್ತಿರ್ಲಿಲ್ಲ! ಅವರದ್ದನ್ನ ನಂಗೆ ಕೊಡ್ತಿದ್ರು. ಈ ಊರಲ್ಲಿ ನನ್ನ ಕೈ ನೋಡಿ, ಆಮೇಲೂ ಆ ಕೈಯಿಂದ ಏನಾದ್ರೂ ತಗೊಳ್ತಿದ್ದೋರು ನನ್ನ ಹೆಂಡ್ತಿ ಬಿಟ್ರೆ ಅವರೇ... ನೀವೆಲ್ಲ ಲೋಟ ಬೇರೆ ಇಟ್ರಿ. ಟವೆಲ್ಲಿಗೂ ಬೇರೆ ಮೊಳೆ ಹೊಡೆದ್ರಿ. ಅಮ್ಮಾ, ನೀನು ನನ್ನ ಮುಟ್ಟಿ ಎಷ್ಟು ಕಾಲ ಆಯ್ತು ಅಂತ ಗೊತ್ತಾ ನಿಂಗೆ?”

ಅತ್ತೆ ಗೋಡೆಗೆ ಆತು ಕೂತರು.

ಅವನು ಅಂಗಿಯ ತೋಳಿನ ಗುಂಡಿ ಬಿಚ್ಚಿದ. ಸೆಕೆಯಲ್ಲೂ ಬಿಚ್ಚದ ಗುಂಡಿ. ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಬಿಸಿ ಬನ್ನಿನ ತಟ್ಟೆಯೊಂದನ್ನು ಎತ್ತಿಕೊಂಡು ಪರದೆ ದಾಟಿ ನಡೆದುಬಿಟ್ಟ. ಅವಳು ಹಿಂದೆಯೇ ಓಡಿದಳು. ಅಂಗಡಿಯಲ್ಲಿ ಇಬ್ಬರಿದ್ದರು. ನೀಟಾಗಿ ಇಸ್ತ್ರಿ ಹಾಕಿದ ಉಡುಪಿನ ಬ್ಯಾಂಕಿನ ಗುಮಾಸ್ತ ಆ ಕೈಯನ್ನು ನೋಡಿ, ತೆಗೆದುಕೊಂಡಿದ್ದ ಬ್ರೆಡ್ಡನ್ನು ಮೆಲ್ಲಗೆ ವಾಪಸಿಟ್ಟು ಹೊರಟುಹೋದ. ಆಮೇಲೆ ಅವನು ಆ ಅಂಗಡಿಯ ಮೆಟ್ಟಿಲು ತುಳಿಯಲೇ ಇಲ್ಲ. ಇನ್ನೊಬ್ಬಳು ಬಟ್ಟೆ ಹೊಲಿಯುವ ಮುದುಕಿ. ಕನ್ನಡಕ ಮೇಲೆತ್ತಿ ಕೈ ನೋಡಿದಳು, ಮುಖ ನೋಡಿದಳು.

“ಒಲೆಯಪ್ಪ ಅಂದ್ರೆ ನೀನೇನಾ? ನಾನು ಯಾರೋ ಮುದುಕ ಅಂದ್ಕೊಂಡಿದ್ದೆ. ಬಿಸಿ ಇದೆಯಲ್ವಾ? ತಳದ್ದು ಬೇಡ, ಮೇಲಿಂದು ಕೊಡು.”

ಅವನು ಕೊಟ್ಟ. ಅವಳು ಅಲ್ಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಸಕ್ಕರೆ ಕಮ್ಮಿಯಾಯಿತೆಂದು ಗೊಣಗುತ್ತ ಹೋದಳು. ಭಾವ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟುಕೊಂಡು ಕೂತುಬಿಟ್ಟ. ಅವತ್ತು ಶ್ ಎನ್ನಲಿಲ್ಲ.

ಸಿಗರೇಟು ಒಂದೇ ಏಟಿಗೆ ಬಿಟ್ಟಿತೆಂದು ಹೇಳಿದರೆ ಸುಳ್ಳಾದೀತು. ಮಧ್ಯೆ ಒಮ್ಮೆ ಗೋಡೆಯಾಚೆ ಹೋಗಿ ಸೇದಿ ಬಂದು, ತಾನೇ ಹೇಳಿ, ತಾನೇ ಅತ್ತ. ಡಾಕ್ಟರಮ್ಮ ಬೈಯದೆ, ಸೇದುವ ಆಸೆ ತಗ್ಗಿಸಲು ಮಾತ್ರೆ ಕೊಟ್ಟರು. ಲಾರಿ ಡ್ರೈವರುಗಳು ಈಗ ಅವನ ಕೈಯಿಂದ ಚಹಾ ಇಸ್ಕೊಂಡು ಕುಡಿಯುತ್ತಾರೆ, ಸಕ್ಕರೆಯಿಲ್ಲದ್ದು ಅಂತ ಬಾಯಿಗೆ ಬಂದ ಹಾಗೆ ಬೈಯುತ್ತ. ಎದೆಯ ಒಂದು ಪಾಲು ಮಾತ್ರ ಸತ್ತದ್ದು ಸತ್ತೇ ಹೋಯಿತು. ಮೂಟೆ ಎತ್ತುವಂತಿಲ್ಲ, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಆ ಕೆಲಸ ಈಗ ಭಾವನದು. ಗಲ್ಲಾಪೆಟ್ಟಿಗೆಯ ಮುಂದೆ ತೋಳು ಮಡಚಿ ಕೂರುವವನು ತಮ್ಮ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಜಗಳದ ಮರುಬೆಳಿಗ್ಗೆ ಕಿರಿಸೊಸೆ ಮುಲಾಮಿನ ಡಬ್ಬಿ ತಂದು ಅತ್ತೆಯ ಮುಂದೆ ಟಪ್ಪೆಂದು ಇಟ್ಟಳು. ಗಂಡ ಬರಿಮೈಯಲ್ಲಿ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಿದ್ದ.

“ಬೆನ್ನು ಅವರಿಗೆ ಎಟಕಲ್ಲ. ಇಷ್ಟು ದಿನ ನಾನು ಹಚ್ತಿದ್ದೆ. ಇನ್ಮೇಲೆ ದಿನಾ ನೀವು ಹಚ್ಚಿ.”

ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ನನ್ನ ಕೈ ನಡುಗುತ್ತೆ ಕಣೇ...”

“ನಡುಗ್ಲಿ. ಪುಡಿ ಬೆರೆಸೋವಾಗ ನಡುಗಿರ್ಲಿಲ್ವಲ್ಲ.”

ಹೇಳಿ ಹಿಟ್ಟಿನ ಮೇಜಿಗೆ ತಿರುಗಿದಳು. ಕಣ್ಣಂಚಿನಲ್ಲಿ ಮಾತ್ರ ನೋಡುತ್ತಿದ್ದಳು. ಅತ್ತೆ ಎರಡು ಬೆರಳಲ್ಲಿ ಮುಲಾಮು ತೆಗೆದರು. ಬೆನ್ನಿನ ಹತ್ತಿರ ಒಯ್ದರು. ಅಲ್ಲೇ ನಿಂತುಬಿಟ್ಟರು, ಸೌಟು ಹಿಡಿಯುತ್ತಿದ್ದ ಹಾಗೆಯೇ ಒಂದು ಗೇಣು ದೂರದಲ್ಲಿ. ಕೊನೆಗೆ ಆ ಬೆರಳು ಅವನ ಬೆನ್ನನ್ನು ಮುಟ್ಟಿತು. ಆಮೇಲೆ ಇಡೀ ಅಂಗೈ.

“ಇನ್ನೂ ಸ್ವಲ್ಪ ಮೇಲೆ, ಅಮ್ಮ,” ಎಂದ ಅವನು. ನಲವತ್ತರ ಹತ್ತಿರದ ಗಂಡಸಿನ ದನಿಯಾಗಿರಲಿಲ್ಲ ಅದು. “ಹಾಂ... ಅಲ್ಲೇ.”

ಅತ್ತೆಗೆ ಅಳು ಉಕ್ಕಿ ಬಂತು. ಆದರೂ ಕೈ ನಿಲ್ಲಿಸಲಿಲ್ಲ. ಬೆನ್ನು, ಭುಜ, ಕುತ್ತಿಗೆಯವರೆಗೂ ಹಚ್ಚಿ ಮುಗಿಸಿದರು. ಕೈಯೊರೆಸಲು ಅತ್ತಿತ್ತ ನೋಡಿದರು. ಬಚ್ಚಲ ಬಾಗಿಲ ಮೂಲೆಯ ಮೊಳೆಯಲ್ಲಿ ಅವನ ಪಟ್ಟೆ ಟವೆಲ್ಲು ನೇತಾಡುತ್ತಿತ್ತು. ಹೋಗಿ ಅದನ್ನು ತೆಗೆದುಕೊಂಡರು. ಕೈಯೊರೆಸಿಕೊಂಡರು. ಅದರಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದರು. ಆಮೇಲೆ ಅದನ್ನು ಒಯ್ದು ಎಲ್ಲರ ಟವೆಲ್ಲುಗಳಿದ್ದ ಗೂಟಕ್ಕೆ ಹಾಕಿದರು.

ಕಿರಿಸೊಸೆ ಅವರನ್ನು ಕ್ಷಮಿಸಿದಳೇ? ಇಲ್ಲ. ಅಷ್ಟು ಸುಲಭಕ್ಕೆ ಕ್ಷಮಿಸುವ ಹೆಂಗಸಲ್ಲ ಅವಳು, ಕ್ಷಮಿಸಲೂಬಾರದು. ಅವಳ ಕಣ್ಣೀರು ಹಿಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹಿಂಗೈಯಿಂದ ಅದನ್ನೊರೆಸಿಕೊಂಡು, ತಿರುಗದೆಯೇ ಒರಟಾಗಿ ಹೇಳಿದಳು.

“ಬನ್ನು ಸೀಯ್ತಾ ಇದೆ ಅತ್ತೆ. ಒಲೆ ಬಾಗಿಲು ತೆಗೀರಿ.”